ಗಂಡಸರ ಸಂಕೋಚ, ಹೆಂಗಸರ ಆರೋಗ್ಯ

ಅಡಿಕೆ ಸುಲಿಯಲು ನಾಲ್ಕು ಹೆಂಗಸರು ಒಟ್ಟಿಗೆ ಕೂತರೆ ಬಾರದ ಮಾತಿಲ್ಲ. ಬಸುರಿ, ಬಾಣಂತನ, ಆಪರೇಷನ್ನು, ವಂಕಿ ಎಲ್ಲಾ ಬರುತ್ತವೆ. ‘ನಿರೋಧ್’ ಎಂದರೆ ಮಾತ್ರ ಎಲ್ಲರೂ ಕತ್ತಿಯ ಕಡೆ ನೋಡುತ್ತಾರೆ! “ನಮ್ಮನೆಯವರಿಗೆ ಅದು ಆಗದೇ ಇಲ್ಲೆ, ಎಂತ ಮಾಡದು ಮಾರಾಯ್ತಿ?” ಎಂದು ಪಿಸುಗುಟ್ಟಿ ಮಾತು ಮುಗಿಸುವವರೇ ಹೆಚ್ಚು. ಆಗದೇ ಇರಲು ಕಾರಣ ಏನು ಎಂದು ಯಾರೂ ಕೇಳುವುದಿಲ್ಲ. ಸೋದರಿಯರೇ, ಇವತ್ತು ಅದನ್ನೇ ಕೇಳೋಣ.

ನಿರೋಧ್ ಹೊಸದೇನಲ್ಲ. ಸರ್ಕಾರ 1968ರಲ್ಲಿ ಅದನ್ನು ಹದಿನೈದು ಪೈಸೆಗೆ ಮೂರರಂತೆ, ಚಹಾಪುಡಿ, ಸಾಬೂನು ಮಾರುವ ಕಂಪನಿಗಳ ಮೂಲಕ ಕಿರಾಣಿ ಅಂಗಡಿಗಳಿಗೂ ತಲುಪಿಸಿತ್ತು. ಆದರೂ ಭಾರ ಬಿದ್ದದ್ದು ಹೆಂಗಸರ ಮೇಲೆಯೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಆಪರೇಷನ್ ಮಾಡಿಸಿಕೊಂಡವರು. ಇಡೀ ದೇಶದಲ್ಲಿ ಗಂಡಸರ ಆಪರೇಷನ್ ನೂರಕ್ಕೆ ಒಂದೂ ಇಲ್ಲ!

ಆಪರೇಷನ್ ಆಗಿದೆಯಲ್ಲ, ಮತ್ತೆ ಯಾಕೆ?

ಆಪರೇಷನ್ ಗರ್ಭವನ್ನು ತಡೆಯುತ್ತದೆ, ರೋಗವನ್ನಲ್ಲ. ದುಡಿಮೆಗೆಂದು ತಿಂಗಳುಗಟ್ಟಲೆ ಹೊರಗಿರುವ ಗಂಡಸರು ನಮ್ಮ ಕಡೆ ಬೇಕಾದಷ್ಟು ಇದ್ದಾರೆ. ಅಂಕೋಲಾ-ಯಲ್ಲಾಪುರ-ಹುಬ್ಬಳ್ಳಿ ರಸ್ತೆಯಲ್ಲಿ ಹಗಲೂ ರಾತ್ರಿ ಲಾರಿ ಓಡಿಸುವವರೂ ಇದ್ದಾರೆ. ಎಲ್ಲರೂ ದಾರಿ ತಪ್ಪುತ್ತಾರೆ ಎಂದಲ್ಲ. ಆದರೆ ತಪ್ಪಿದವರಿಂದ ಎಚ್‌ಐವಿ, ಸಿಫಿಲಿಸ್, ಗೊನೊರಿಯಾದಂಥ ಕಾಯಿಲೆ ಏನೂ ಅರಿಯದ ಹೆಂಡತಿಗೆ ಬರುತ್ತದೆ. ಇವೆರಡನ್ನೂ, ಅಂದರೆ ಗರ್ಭವನ್ನೂ ರೋಗವನ್ನೂ ತಡೆಯುವ ಸಾಧನ ಕಾಂಡೋಮ್ ಒಂದೇ.

ಆಗದೇ ಇರುವುದು ಯಾಕೆ?

ಹಾಕಿಕೊಳ್ಳುವ ಹೊತ್ತಿಗೆ ಬಿಗಿತ ಹೋಗುತ್ತದೆ ಎನ್ನುವುದು ಬಹಳ ಗಂಡಸರ ತೊಂದರೆ. ಹೆಚ್ಚಿನಂಶ ಇದು ಗಡಿಬಿಡಿ ಮತ್ತು ಅಂಜಿಕೆಯಿಂದ ಆಗುವಂಥದ್ದು. ಒಬ್ಬರೇ ಇದ್ದಾಗ ನಾಲ್ಕು ಸಲ ಅಭ್ಯಾಸ ಮಾಡಿದರೆ, ಹೆಂಡತಿ ನಗದೆ ತಾಳ್ಮೆಯಿಂದಿದ್ದರೆ ಸರಿಹೋಗುತ್ತದೆ. ಕಾಂಡೋಮ್ ಇಲ್ಲದಾಗಲೂ ಹೀಗೇ ಆಗುತ್ತಿದ್ದರೆ ಸುಮ್ಮನಿರಬೇಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ತಂಬಾಕು, ಕುಡಿತ ಇದಕ್ಕೆ ಕಾರಣ ಇರಬಹುದು. ಕೆಲವರಲ್ಲಿ ಇದು ಹೃದಯದ ಕಾಯಿಲೆಯ ಮುನ್ಸೂಚನೆಯೂ ಹೌದು. ಡಾಕ್ಟರಿಗೆ ತೋರಿಸಬೇಕೇ ಹೊರತು ಕದ್ದುಮುಚ್ಚಿ ಗುಳಿಗೆ ತಂದು ನುಂಗಬಾರದು. ಎದೆನೋವಿಗೆ ನೈಟ್ರೇಟ್ ಔಷಧಿ ತೆಗೆದುಕೊಳ್ಳುವವರಿಗೆ ಅದು ಪ್ರಾಣಕ್ಕೇ ಅಪಾಯ.

ಬಿಗಿ ಆಗುತ್ತದೆ, ಜಾರುತ್ತದೆ ಎನ್ನುವವರು ಬೇರೆ ಅಳತೆಯದನ್ನು ತರಲಿ. ತುರಿಕೆ, ಉರಿ ಆದರೆ ರಬ್ಬರು ಒಗ್ಗದೇ ಇರಬಹುದು. ಬೇರೆ ವಸ್ತುವಿನಿಂದ ಮಾಡಿದವೂ ಸಿಗುತ್ತವೆ.

ಹರಿಯುವುದು ಯಾಕೆ?

ಮೊದಲ ಶತ್ರು ನಮ್ಮ ತೆಂಗಿನೆಣ್ಣೆ! ಎಣ್ಣೆ, ತುಪ್ಪ, ವ್ಯಾಸಲೀನ್ ತಾಗಿದರೆ ರಬ್ಬರು ಕೆಲವೇ ನಿಮಿಷದಲ್ಲಿ ದುರ್ಬಲವಾಗುತ್ತದೆ. ಬೇಕಾದರೆ ನೀರಿನಲ್ಲಿ ಕರಗುವ ಜೆಲ್ಲಿ ಬಳಸಬಹುದು. ಇನ್ನುಳಿದ ಮುಖ್ಯ ಸೂಚನೆಗಳು:

1. ಪೊಟ್ಟಣದ ಮೇಲಿನ ತಾರೀಖು ನೋಡಿ. ಪರ್ಸಿನಲ್ಲಿ, ಬೈಕಿನ ಡಿಕ್ಕಿಯಲ್ಲಿ, ಒಲೆಯ ಹತ್ತಿರ ಇಡಬೇಡಿ.
2. ಹಲ್ಲಿನಿಂದ, ಕತ್ತರಿಯಿಂದ ಬಿಡಿಸಬಾರದು.
3. ಮೊದಲಿನಿಂದಲೇ ಹಾಕಿರಬೇಕು. ತುದಿಯನ್ನು ಚಿವುಟಿ ಹಿಡಿದು, ಗಾಳಿ ಉಳಿಯದಂತೆ ಬುಡದವರೆಗೂ ಬಿಡಿಸಬೇಕು.
4. ಒಂದರ ಮೇಲೊಂದು ಹಾಕಬಾರದು. ಒಮ್ಮೆ ಬಳಸಿದ್ದನ್ನು ಮತ್ತೆ ಬಳಸಬಾರದು.
5. ಮುಗಿದ ಕೂಡಲೇ, ಬುಡ ಹಿಡಿದುಕೊಂಡೇ ಹೊರಬರಬೇಕು. ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿ.

ಪ್ರತಿ ಸಲ ಸರಿಯಾಗಿ ಬಳಸಿದರೆ ವರ್ಷಕ್ಕೆ ನೂರರಲ್ಲಿ ಇಬ್ಬರಿಗೆ ಮಾತ್ರ ಗರ್ಭ ನಿಲ್ಲಬಹುದು. ಒಮ್ಮೆ ಉಂಟು, ಒಮ್ಮೆ ಇಲ್ಲ ಎಂದು ಬಳಸಿದರೆ ಸುಮಾರು ಹದಿಮೂರು ಮಂದಿಗೆ.

ಹರಿದೇ ಹೋದರೆ? ಗರ್ಭ ತಡೆಯುವ ತುರ್ತು ಗುಳಿಗೆಯನ್ನು 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ತೆಗೆದುಕೊಳ್ಳಬೇಕು. ಎಚ್‌ಐವಿ ಭಯವಿದ್ದರೆ ಅದನ್ನು ತಡೆಯುವ ಔಷಧಿಯೂ 72 ಗಂಟೆಯೊಳಗೇ ಶುರುವಾಗಬೇಕು. ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ.

ಮಾತು ತೆಗೆಯುವುದು ಹೇಗೆ?

ಜಗಳದ ಹೊತ್ತಿನಲ್ಲಿ ಬೇಡ, ಮಲಗುವ ಹೊತ್ತಿನಲ್ಲೂ ಬೇಡ. “ನಿಮ್ಮ ಮೇಲೆ ಅನುಮಾನ ಅಂತಲ್ಲ, ನನ್ನ ಆರೋಗ್ಯಕ್ಕೆ ಬೇಕು” ಎಂದು ಶುರುಮಾಡಿ. ವಾಸನೆಯ ಬಿಳಿಸೆರಗು, ಹುಣ್ಣು, ಕಿಬ್ಬೊಟ್ಟೆ ನೋವು ಇದ್ದರೆ ಡಾಕ್ಟರ ಹತ್ತಿರ ಇಬ್ಬರೂ ಹೋಗಿ. ಲೈಂಗಿಕ ಸೋಂಕು ಎಂದಾದರೆ ಇಬ್ಬರಿಗೂ ಒಟ್ಟಿಗೇ ಔಷಧಿ ಆಗಬೇಕು. ಒಬ್ಬರೇ ನುಂಗಿದರೆ ಕಾಯಿಲೆ ಮತ್ತೆ ಮರಳಿ ಬರುತ್ತದೆ.

ಔಷಧಿ ಅಂಗಡಿಯವರು ನೆಂಟರೇ ಆಗಿರುವ ಊರು ನಮ್ಮದು, ಸಂಕೋಚ ಸಹಜ. ಆಶಾ ಕಾರ್ಯಕರ್ತೆಯನ್ನು ಕೇಳಿ. 2011ರಿಂದ ಮನೆಮನೆಗೆ ನಿರೋಧ್ ತಲುಪಿಸುವ ಕೆಲಸ ಅವರದು. ಸರ್ಕಾರಿ ಪರೀಕ್ಷಾ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟೂ ಕಾಯುತ್ತಾರೆ. ಸಂಶಯವಿದ್ದರೆ 1097ಕ್ಕೆ ಫೋನು ಮಾಡಿ, ದುಡ್ಡು ಬೀಳುವುದಿಲ್ಲ.

ಬಸುರು, ಬಾಣಂತನ, ಆಪರೇಷನ್ನು ಎಲ್ಲವನ್ನೂ ನಾವೇ ಹೊತ್ತಿದ್ದೇವೆ. ಇದೊಂದನ್ನಾದರೂ ಅವರು ಹೊರಲಿ. ಕೇಳುವುದರಲ್ಲಿ ನಾಚಿಕೆ ಏನು?