ಆಡಬಲ್ಲವರೂ ಕಲಿಸಲು ಕಲಿಯಬೇಕು

ಮೇ ತಿಂಗಳಲ್ಲಿ ತಮಿಳುನಾಡಿನ ನಮ್ಮ ತೇನಿ ಜಿಲ್ಲೆಯ ಪೆರಿಯಕುಳಂನಲ್ಲಿ ಬ್ಯಾಸ್ಕೆಟ್‌ಬಾಲ್ ಜಾತ್ರೆ. ಅಲ್ಲಿನ ಸಿಲ್ವರ್ ಜುಬಿಲಿ ಸ್ಪೋರ್ಟ್ಸ್ ಕ್ಲಬ್ ದಶಕಗಳಿಂದ ನಡೆಸುತ್ತಿರುವ ಅಖಿಲ ಭಾರತ ಟೂರ್ನಿಗೆ ಸೇನೆ, ನೌಕಾಪಡೆ, ಬ್ಯಾಂಕುಗಳ ತಂಡಗಳು ಬರುತ್ತವೆ. ಆ ಆಟ ಕಂಡ ಮಕ್ಕಳಿಗೆ ಚೆಂಡಿನ ಹುಚ್ಚು ಹಿಡಿಯುತ್ತದೆ. ಅವರಿಗೆ ಕಲಿಸಲು ನಿಲ್ಲುವವರು ಹೆಚ್ಚಾಗಿ ನಿನ್ನೆಯ ಆಟಗಾರರು. ಅವರಿಗೆ ಆಟ ಗೊತ್ತು, ಮಕ್ಕಳ ವಿಷಯ ಗೊತ್ತಿರುವುದಿಲ್ಲ.

ನಾನು ಕಂಬಂನ ಕನ್ನಡ ಮನೆಯವನು. ಪಿ.ಟಿ. ಮಾಸ್ತರನಾಗಿದ್ದು, ಈಗ ದಿಂಡಿಗಲ್‌ನಿಂದ ಕಂಬಂವರೆಗಿನ ಎಳೆಯ ಕೋಚ್‌ಗಳಿಗೆ ಕಲಿಸುವುದನ್ನು ಕಲಿಸುತ್ತೇನೆ.

ಮೊದಲ ಪಾಠ ಅಳತೆಯದು. ದೊಡ್ಡವರ ರಿಂಗ್ 3.05 ಮೀಟರ್ ಎತ್ತರ. 12 ವರ್ಷದೊಳಗಿನವರ ಮಿನಿ ಬ್ಯಾಸ್ಕೆಟ್‌ಬಾಲ್‌ನಲ್ಲಿ 2.60 ಮೀಟರ್, ಚೆಂಡು 5ನೇ ಸೈಜಿನದು. ಭಾರದ ಚೆಂಡನ್ನು ಎತ್ತರಕ್ಕೆ ಎಸೆಯಲು ಮಗು ಸೊಂಟದಿಂದ ತಿರುಚಿ ತಳ್ಳುತ್ತದೆ. ಆ ಅಭ್ಯಾಸ ಮೈಗೆ ಹತ್ತಿದರೆ ಬಿಡಿಸುವುದು ಕಷ್ಟ.

ಎರಡನೆಯದು ಸಾಲು ಮುರಿಯುವುದು. ಇಪ್ಪತ್ತು ಮಕ್ಕಳು ಒಂದೇ ರಿಂಗಿನ ಮುಂದೆ ಸಾಲು ನಿಂತರೆ, ಹೊತ್ತೆಲ್ಲ ಕಾಯುವುದರಲ್ಲೇ ಕಳೆಯುತ್ತದೆ. ಆದ್ದರಿಂದ ಒಬ್ಬ ಕೋಚ್ ಕಲಿಸುವಾಗ ಇನ್ನೊಬ್ಬ ಅಂಚಿನಲ್ಲಿ ನಿಂತು, ಪ್ರತಿ ಮಗುವಿನ ಕೈಗೆ ಚೆಂಡು ಎಷ್ಟು ಸಲ ಬಂತೆಂದು ಬರೆಯುತ್ತಾನೆ. ಆ ಲೆಕ್ಕ ಕಂಡ ಕೋಚ್ ಮರುದಿನ ಮೂವರಿಗೆ ಮೂವರಂತೆ ಆಡಿಸುತ್ತಾನೆ. ತಪ್ಪು ತಿದ್ದುವಾಗಲೂ ಒಂದು ಸಲಕ್ಕೆ ಒಂದೇ ಮಾತು. ಮೊಣಕೈ, ಪಾದ, ಕಣ್ಣು ಎಂದು ಒಟ್ಟಿಗೆ ಕೂಗಿದರೆ ಮಗುವಿನ ತಲೆಯಲ್ಲಿ ಉಳಿಯುವುದು ಗದರಿಕೆ ಮಾತ್ರ.

ಮೂರನೆಯದು ಮಗುವಿನ ಮನೆಯನ್ನು ಅರಿಯುವುದು. ಇಲ್ಲಿ ಎಷ್ಟೋ ತಾಯಂದಿರು ಬೆಳಗಾಗುವ ಮೊದಲೇ ದ್ರಾಕ್ಷಿ ತೋಟಕ್ಕೆ, ಏಲಕ್ಕಿ ಎಸ್ಟೇಟಿಗೆ ಹೊರಡುತ್ತಾರೆ. ತಮ್ಮನನ್ನು ಶಾಲೆಗೆ ಬಿಟ್ಟು ತಡವಾಗಿ ಬಂದ ಹುಡುಗಿಯನ್ನು ಮೈದಾನ ಸುತ್ತಿಸುವವನು ಅವಳನ್ನು ಆಟದಿಂದಲೇ ಓಡಿಸುತ್ತಾನೆ. ಹನ್ನೆರಡು, ಹದಿಮೂರರಲ್ಲಿ ಹುಡುಗಿಯರು ಬಿಟ್ಟುಹೋಗದಿರಲು ಕತ್ತಲಾಗುವ ಮುಂಚೆ ಅಭ್ಯಾಸ ಮುಗಿಯಬೇಕು, ಶೌಚಾಲಯಕ್ಕೆ ಬೀಗ ಇರಬಾರದು, ಕೋಚ್ ತಾಯಿಯೊಡನೆ ಮಾತಾಡಿರಬೇಕು.

ಕಾನೂನಿನ ಪಾಠವನ್ನೂ ನಾನು ಬಿಡುವುದಿಲ್ಲ. 2012ರ ಪೋಕ್ಸೋ ಕಾಯ್ದೆಯಂತೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆ. ಮುಚ್ಚಿದ ಕೋಣೆಯಲ್ಲಿ ಮಗುವಿನೊಡನೆ ಒಬ್ಬರೇ ಇರಬೇಡಿ, ಮೊಣಕೈ ಸರಿಪಡಿಸುವಾಗಲೂ ಕೇಳಿಯೇ ಮುಟ್ಟಿ ಎನ್ನುತ್ತೇನೆ.

1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ಆಟ ಕಟ್ಟಿದ ಜೇಮ್ಸ್ ನೈಸ್ಮಿತ್ ಒಬ್ಬ ಶಿಕ್ಷಕ. ಚಳಿಗಾಲದಲ್ಲಿ ಒಳಗೆ ಕೂತು ಬೇಸತ್ತ ವಿದ್ಯಾರ್ಥಿಗಳನ್ನು ನೋಡಿ ಆಟವನ್ನು ರೂಪಿಸಿದವರು. ಈ ಆಟ ಹುಟ್ಟಿದ್ದೇ ವಿದ್ಯಾರ್ಥಿಗೆ ತಕ್ಕಂತೆ.

ನಮ್ಮ ಕ್ಲಬ್ಬುಗಳಲ್ಲೂ ಶಾಲೆಗಳಲ್ಲೂ ನನ್ನದೊಂದು ಬೇಡಿಕೆ: ಕೋಚ್ ಗೆದ್ದ ಕಪ್ಪುಗಳನ್ನು ಆಮೇಲೆ ಎಣಿಸಿ. ಈ ವರ್ಷ ಸೇರಿದ ಮಕ್ಕಳಲ್ಲಿ ಎಷ್ಟು ಮಂದಿ ಮುಂದಿನ ವರ್ಷವೂ ಆಡುತ್ತಿದ್ದಾರೆ ಎಂಬುದನ್ನು ಮೊದಲು ಕೇಳಿ.