ಧ್ವನಿಮುದ್ರಣದಲ್ಲಿ ‘ಬಸ್’ ಎಂಬುದರ ಉಪಯೋಗ

ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಅಚ್ಚು ಹಾಕಿಸಿದುದರಿಂದ ಕೊಡವರ ಹಾಡುಗಳ ಮಾತು ನಮಗೆ ಉಳಿಯಿತು. ಆದರೆ ಆ ಹಾಡುಗಳ ಧಾಟಿಯೂ ದುಡಿಯ ಪೆಟ್ಟೂ ಅಕ್ಷರಗಳಲ್ಲಿ ನಿಲ್ಲತಕ್ಕವಲ್ಲ. ಅವು ಹಾಡುವವರ ಕಂಠದಲ್ಲಿಯೂ ಕೈಯಲ್ಲಿಯೂ ಇರುವುವು. ಯುನೆಸ್ಕೊ ಸಂಸ್ಥೆಯು ಕೊಡವ ಭಾಷೆಯನ್ನು ಅಳಿವಿನ ಅಪಾಯದಲ್ಲಿರುವ ಭಾಷೆಗಳ ಸಾಲಿಗೆ ಸೇರಿಸಿರುವ ಈ ಕಾಲದಲ್ಲಿ, ಮನೆಯ ಹಿರಿಯರ ಹಾಡನ್ನು ಮುದ್ರಿಸಿಡಲು ಬಯಸುವ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಆ ಕೆಲಸದ ಒಂದು ಮುಖ್ಯ ಕ್ರಮವನ್ನು ತಿಳಿಸುವುದೇ ಈ ಲೇಖನದ ಉದ್ದೇಶವು.

ಪದ್ಧತಿಯಂತೆ ನಾಲ್ವರು ದುಡಿ ಬಾರಿಸುತ್ತ ಹಾಡುವರು. ಇಬ್ಬರು ಹೇಳಿದ ಸಾಲನ್ನು ಉಳಿದಿಬ್ಬರು ತಿರುಗಿ ಹೇಳುವರು. ಪ್ರತಿಯೊಂದು ಕಂಠಕ್ಕೂ ಪ್ರತಿಯೊಂದು ದುಡಿಗೂ ಒಂದೊಂದು ಮೈಕನ್ನು ಇಟ್ಟರೆ ಗಣಕಯಂತ್ರದಲ್ಲಿ 8 ಟ್ರ್ಯಾಕುಗಳಾಗುವುವು. ದುಡಿಯ ಸದ್ದು ಹೆಚ್ಚಾಗಿ ಮಾತು ಮುಚ್ಚಿಹೋದರೆ ನಾಲ್ಕನ್ನೂ ಬೇರೆಬೇರೆಯಾಗಿ ತಗ್ಗಿಸಬೇಕಾಗುವುದು. ಹಾಗೆ ತಗ್ಗಿಸುವಾಗ ಅವುಗಳೊಳಗಿನ ಪ್ರಮಾಣವು ಸುಲಭವಾಗಿ ಕೆಡುವುದು. ಈ ತೊಡಕನ್ನು ಪರಿಹರಿಸುವುದೇ ಬಸ್.

ಲ್ಯಾಟಿನ್ ಭಾಷೆಯಲ್ಲಿ ‘ಆಮ್ನಿಬಸ್’ ಎಂದರೆ ‘ಎಲ್ಲರಿಗಾಗಿ’ ಎಂದರ್ಥ. ಮಡಿಕೇರಿಯಿಂದ ಮೈಸೂರಿಗೆ ಹೋಗುವ ಬಸ್ಸಿಗೂ ಇದೇ ಮೂಲವು. ಧ್ವನಿಯ ಬಸ್ಸಿನಲ್ಲಿ ಸ್ವಂತ ಮುದ್ರಣವೇನೂ ಇರುವುದಿಲ್ಲ. ಅದು ಅನೇಕ ಟ್ರ್ಯಾಕುಗಳ ಧ್ವನಿ ಕೂಡಿ ಹರಿಯುವ ಕಾಲುವೆ ಮಾತ್ರ. ಭಾಗಮಂಡಲದಲ್ಲಿ ಕನ್ನಿಕೆಯು ಕಾವೇರಿಯನ್ನು ಕೂಡಿದ ಬಳಿಕ ಎರಡು ನೀರನ್ನು ಬೇರ್ಪಡಿಸಲಾಗದು. ಇಲ್ಲಿಯಾದರೋ ಮೂಲ ಟ್ರ್ಯಾಕುಗಳು ಕೂಡಿದ ಮೇಲೆಯೂ ಬೇರೆಯಾಗಿಯೇ ಉಳಿಯುವುವು.

ಕ್ರಮವು ಹೀಗೆ: ಮೊದಲು ಹೇಳುವವರಿಗೆ ಒಂದು, ತಿರುಗಿ ಹೇಳುವವರಿಗೆ ಒಂದು, ದುಡಿಗಳಿಗೆ ಒಂದು, ಹೀಗೆ 3 ಬಸ್ಸುಗಳನ್ನು ಮಾಡತಕ್ಕದ್ದು. ಆರ್ಡರ್ ಎಂಬ ತಂತ್ರಾಂಶದಲ್ಲಿ ಬಸ್ ಪ್ರತ್ಯೇಕವಾಗಿಯೇ ಇದೆ. ರೀಪರಿನಲ್ಲಿ ಬರಿದಾದ ಒಂದು ಟ್ರ್ಯಾಕೇ ಬಸ್ಸಿನ ಕೆಲಸ ಮಾಡುವುದು. ಪ್ರತಿ ಟ್ರ್ಯಾಕಿನ ಔಟ್‌ಪುಟ್ಟನ್ನು ಅದರ ಬಸ್ಸಿಗೂ, ಮೂರು ಬಸ್ಸುಗಳನ್ನು ಮಾಸ್ಟರಿಗೂ ಜೋಡಿಸಬೇಕು. ಆಗ ಒಂದು ಫೇಡರನ್ನು ಇಳಿಸಿದರೆ ನಾಲ್ಕು ದುಡಿಗಳೂ ತಮ್ಮ ಪ್ರಮಾಣ ಕೆಡದೆ ಒಟ್ಟಿಗೆ ತಗ್ಗುವುವು.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯವು. ಟ್ರ್ಯಾಕು ಬಸ್ಸಿಗೂ ನೇರವಾಗಿ ಮಾಸ್ಟರಿಗೂ ಹೋಗುತ್ತಿದ್ದರೆ ಒಂದೇ ಧ್ವನಿ ಎರಡು ಸಲ ಕೂಡಿ ಸುಮಾರು 6 ಡೆಸಿಬೆಲ್ ಏರುವುದು. ಬಸ್ಸನ್ನು ಮುಚ್ಚಿದರೂ ದುಡಿಯು ಕೇಳುತ್ತಲೇ ಇರುವುದು. ಆದಕಾರಣ ನೇರದಾರಿಯನ್ನು ಕಡಿಯತಕ್ಕದ್ದು. ಬಸ್ಸನ್ನು ಮುಚ್ಚಿ ಪರೀಕ್ಷಿಸಿದಾಗ ಹಾಡುಗಾರರ ಮೈಕಿಗೆ ನುಸುಳಿದ ದುಡಿಯ ಸದ್ದು ಮಾತ್ರ ಉಳಿಯಬೇಕು. ಎಲ್ಲವೂ ಕೂಡುವ ಮಾಸ್ಟರಿನ ಮಾಪಕವು 0 ಡೆಸಿಬೆಲನ್ನು ಮೀರಿದರೆ ಧ್ವನಿಯು ಒಡೆಯುವುದು.

ಬಸ್ಸಿಗೆ ಇನ್ನೊಂದು ಉಪಯೋಗವುಂಟು. ಐನ್‌ಮನೆಯ ಅಂಗಳದಲ್ಲಿ ಹಾಡಿದಂತೆ ಮಾರ್ದನಿ ಬೇಕಾದರೆ 8 ಕಡೆ ಅದನ್ನು ಹಾಕುವುದು ವ್ಯರ್ಥವು. ಒಂದೇ ಬಸ್ಸಿನಲ್ಲಿ ಮಾರ್ದನಿಯನ್ನಿಟ್ಟು, ‘ಸೆಂಡ್’ ಮೂಲಕ ಪ್ರತಿ ಟ್ರ್ಯಾಕಿನಿಂದ ಸ್ವಲ್ಪ ಪಾಲನ್ನು ಕಳುಹಿಸಿದರೆ ಸಾಕು. ಈ ಪಾಲು ಫೇಡರನ್ನು ದಾಟಿದ ಮೇಲಿನದಾಗಿರಲಿ. ಆಗ ಕಂಠವನ್ನು ತಗ್ಗಿಸಿದರೆ ಅದರ ಮಾರ್ದನಿಯೂ ತಗ್ಗುವುದು. ಇಲ್ಲಿ ಮಾತ್ರ ನೇರದಾರಿಯು ಹಾಗೆಯೇ ಇರತಕ್ಕದ್ದು.

ಕೊನೆಯದಾಗಿ, ಕೂಡಿಸಿದ ಹಾಡನ್ನಷ್ಟೇ ಇಟ್ಟುಕೊಂಡು ಮೂಲ ಟ್ರ್ಯಾಕುಗಳನ್ನು ಅಳಿಸಬಾರದು. ಅವುಗಳ ಪ್ರತಿಗಳನ್ನು ಎರಡು ಕಡೆಗಳಲ್ಲಿ ಇಡಬೇಕು. ಮಿಶ್ರಣವನ್ನು ಬೇಕಾದಾಗ ತಿರುಗಿ ಮಾಡಬಹುದು. ಹೋದ ಕಂಠವನ್ನು ತಿರುಗಿ ಹಾಡಿಸಲಾಗದು. ಮುಂದೊಂದು ದಿನ ಮೊಮ್ಮಗಳೊಬ್ಬಳು ತನ್ನ ಅಜ್ಜನ ದುಡಿಯೊಂದನ್ನೇ ಬೇರೆಯಾಗಿ ಕೇಳಿ ಆ ಪೆಟ್ಟನ್ನು ಕಲಿಯುವಂತಾದರೆ, ಈ ಶ್ರಮವು ಸಾರ್ಥಕವಾದಂತೆಯೇ ಸರಿ.