ಕಿಸೆಯ ಚಾಕು ಟ್ರಂಕಿನ ಪಾಲಾಗದಿರಲಿ

ನಿಮ್ಮ ವ್ಯಾನಿಟಿ ಬ್ಯಾಗಿನಲ್ಲಿ ಏನೇನಿದೆ? ಕರವಸ್ತ್ರ, ಚಿಲ್ಲರೆ ಹಣ, ಒಂದೆರಡು ಪಿನ್ನು, ಕುಂಕುಮದ ಪುಟ್ಟ ಭರಣಿ, ಮನೆಯ ಬೀಗದ ಕೈ, ಈಗಂತೂ ಮೊಬೈಲು. ನನ್ನ ಬ್ಯಾಗಿನಲ್ಲಿ ಇವುಗಳ ಜೊತೆಗೆ ಇನ್ನೊಂದು ವಸ್ತು ಇದೆ. ಅದನ್ನು ಮೊದಲ ಸಲ ನೋಡಿದ ನಮ್ಮ ಸೇಡಂ ರಸ್ತೆಯ ನೆರೆಮನೆಯಾಕೆ ಗಾಬರಿಯಿಂದ, "ಅಯ್ಯ ಅಕ್ಕಾರ, ಚಾಕು ಇಟ್ಕೊಂಡು ತಿರಗತೀರೇನ್ರಿ!" ಎಂದು ಎದೆಯ ಮೇಲೆ ಕೈ ಇಟ್ಟುಕೊಂಡಿದ್ದರು.

ಹೌದು, ಮಡಚುವ ಚಾಕು. ತೋರುಬೆರಳಿನಷ್ಟು ಉದ್ದ, ಹಿತ್ತಾಳೆಯ ಹಿಡಿ, ಉಕ್ಕಿನ ಅಲಗು. ಅದೇ ನೆರೆಮನೆಯಾಕೆ ಈಗ ವಾರಕ್ಕೆರಡು ಸಲ, "ನಿಮ್ಮ ಚಾಕು ಒಂದೀಟು ಕೊಡ್ರಿ" ಎಂದು ಬರುತ್ತಾರೆ ಎಂಬುದು ಬೇರೆ ಮಾತು.

ಈ ಚಾಕು ನಾನು ಕೊಂಡದ್ದಲ್ಲ. ಇದು ನಮ್ಮ ಮಾವನವರದು.

ಮಾವನವರ ಊರು ಕಮಲಾಪುರದ ಹತ್ತಿರ. ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವಾಗ ಸಿಗುವ ಈ ಕಮಲಾಪುರದ ಕೆಂಪು ಬಾಳೆ ಹೆಸರುವಾಸಿ. ಸಿಪ್ಪೆ ಕೆಂಪು, ಒಳಗೆ ಕೆನೆಬಣ್ಣ, ಗಮಗಮ ವಾಸನೆ. ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆದ ಹಣ್ಣು ಅದು. ಮಾವನವರಿಗೂ ಒಂದಿಷ್ಟು ಬಾಳೆಯಿತ್ತು. ಅವರ ಅಂಗಿಯ ಕಿಸೆಯಲ್ಲಿ, ನಮ್ಮ ಕಡೆಯ ಮಾತಿನಲ್ಲಿ ಬಕ್ಕಣದಲ್ಲಿ, ಈ ಚಾಕು ಇಲ್ಲದ ದಿನವನ್ನೇ ನಾನು ಕಾಣೆ. ಒಣಗಿದ ಎಲೆ ಕೊಯ್ಯುವುದು ಅದರಲ್ಲೇ, ಚೀಲದ ಹೊಲಿಗೆ ಬಿಚ್ಚುವುದು ಅದರಲ್ಲೇ, ಮೊಮ್ಮಕ್ಕಳ ಪೆನ್ಸಿಲ್ ಕೆತ್ತುವುದೂ ಅದರಲ್ಲೇ. ಸಂಜೆ ಕಟ್ಟೆಯ ಮೇಲೆ ಕುಳಿತು ಧೋತರದ ಚುಂಗಿನಿಂದ ಅದನ್ನು ಒರೆಸಿ, "ಟಕ್" ಎಂದು ಮಡಚಿ ಕಿಸೆಗೆ ಹಾಕಿದರೆಂದರೆ ಅವತ್ತಿನ ಕೆಲಸ ಮುಗಿಯಿತು ಎಂದೇ ಲೆಕ್ಕ.

ಅವರು ತೀರಿಕೊಂಡಾಗ ಅತ್ತೆಯವರು ಆ ಚಾಕುವನ್ನು ಒಂದು ಬಟ್ಟೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟರು. ಯಾರೂ ಮುಟ್ಟುವಂತಿಲ್ಲ. "ಅದು ಅವರದು, ಹಂಗೇ ಇರಲಿ" ಎನ್ನುತ್ತಿದ್ದರು. ಹನ್ನೊಂದು ವರ್ಷ ಹಾಗೇ ಇತ್ತು.

ಎಳ್ಳ ಅಮಾವಾಸ್ಯೆಯ ದಿನ

ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ಸಜ್ಜಿ ರೊಟ್ಟಿ, ಸಜ್ಜಿ ಕಡುಬು, ಭಜ್ಜಿ, ಶೇಂಗಾ ಹೋಳಿಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಎಲ್ಲರೂ ಕೂಡಿ ಉಣ್ಣುವ ಹಬ್ಬ. ಮೂರು ವರ್ಷದ ಹಿಂದೆ ಹಾಗೆ ಹೊರಡುವ ಗಡಿಬಿಡಿಯಲ್ಲಿ ಅಡುಗೆಮನೆಯ ಚಾಕು ಸಿಗಲಿಲ್ಲ. ಈಳಿಗೆ ಹೊತ್ತುಕೊಂಡು ಹೋಗಲಾಗುತ್ತದೆಯೇ? ಆಗ ಅತ್ತೆಯವರೇ ಯಾಕೋ ಮನಸ್ಸು ಮಾಡಿ ಟ್ರಂಕು ತೆರೆದರು. "ಹೊಲಕ್ಕ ಅವರೂ ಬಂದಂಗ ಆಗ್ತದ" ಎಂದು ಚಾಕುವನ್ನು ಸೆರಗಿನಲ್ಲಿ ಕಟ್ಟಿಕೊಂಡರು.

ಹೊಲದಲ್ಲಿ ಸೌತೆಕಾಯಿ ಹೆಚ್ಚಲೆಂದು ತೆಗೆದರೆ ಚಾಕು ಬಿಚ್ಚಲೇ ಇಲ್ಲ. ಉಗುರು ಹಾಕಿ ಎಳೆದೆವು, ನನ್ನ ಮೈದುನ ಬಲ ಹಾಕಿ ಎಳೆದ. ಊಹುಂ. ಸುತ್ತಿದ ಬಟ್ಟೆ ಮಳೆಗಾಲದ ತೇವ ಹಿಡಿದಿಟ್ಟುಕೊಂಡು, ಅಲಗು ಹಿಡಿಯೊಳಗೇ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅತ್ತೆಯವರು ಅದನ್ನು ಅಂಗೈಯಲ್ಲಿ ಹಿಡಿದು ನೋಡುತ್ತಾ ಕೂತುಬಿಟ್ಟರು. "ಜ್ವಾಪಾನ ಮಾಡ್ಲಿಕ್ಕತ್ತೀನಿ ಅಂತ ತಿಳಕೊಂಡಿದ್ದೆ ಯವ್ವಾ. ನಾನೇ ಹಾಳ ಮಾಡಿದೆ" ಎಂದರು. ಅವತ್ತಿನ ಊಟ ಅವರಿಗೆ ಗಂಟಲಲ್ಲಿ ಇಳಿಯಲಿಲ್ಲ.

ಅದನ್ನು ಮತ್ತೆ ಬಳಕೆಗೆ ತಂದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯ ಟ್ರಂಕಿನಲ್ಲೂ ಅಪ್ಪನದೋ ಅಜ್ಜನದೋ ಇಂಥ ಒಂದು ಚಾಕು ಮಲಗಿರಬಹುದಲ್ಲವೆ?

ತುಕ್ಕು ಬಿಡಿಸುವುದು

ಮೊದಲನೆಯದಾಗಿ, ಬಲ ಹಾಕಬೇಡಿ. ಕೀಲಿನ ಸಂದಿಗೆ ನಾಲ್ಕು ಹನಿ ಚಿಮಣಿ ಎಣ್ಣೆ, ಅದು ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಒಲೆಯಿಂದ, ದೀಪದಿಂದ ದೂರವಿರಲಿ. ನಮ್ಮ ಚಾಕುವಿಗೆ ಮೂರು ರಾತ್ರಿ ಬೇಕಾಯಿತು. ನಾಲ್ಕನೆಯ ದಿನ "ಕಿರ್" ಎಂದು ಕೂದಲೆಳೆಯಷ್ಟು ಅಲುಗಿತು. ಹಾಗೆ ಅಲುಗಿದ ಮೇಲೆ ಸ್ವಲ್ಪ ತೆಗೆಯುವುದು, ಮುಚ್ಚುವುದು, ಮತ್ತೆ ಎಣ್ಣೆ ಬಿಡುವುದು. ಕಂದು ನೀರಿನಂತೆ ತುಕ್ಕು ಹೊರಗೆ ಬರುತ್ತದೆ. ಅದನ್ನು ಬಟ್ಟೆಯಿಂದ ಒರೆಸುತ್ತಾ ಹೋಗಬೇಕು.

ಅಲಗಿನ ಮೇಲಿನ ತುಕ್ಕಿಗೆ ಲಿಂಬೆಹೋಳನ್ನು ಬೂದಿಯಲ್ಲಿ ಅದ್ದಿ, ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ತಿಕ್ಕಿ. ಹುಳಿ ತುಕ್ಕನ್ನು ಕರಗಿಸುತ್ತದೆ. ಆದರೆ ಅದೇ ಹುಳಿ ಉಕ್ಕನ್ನೂ ತಿನ್ನುತ್ತದೆಂಬುದು ನೆನಪಿರಲಿ. ಕೆಲಸವಾದ ಕೂಡಲೆ ಸೋಪು ನೀರಿನಲ್ಲಿ ತೊಳೆದು, ಒರೆಸಿ, ಬಿಸಿಲಲ್ಲಿ ಬಿಚ್ಚಿಟ್ಟು ಒಣಗಿಸಬೇಕು.

ಹಿತ್ತಾಳೆ ಹಿಡಿಗೆ ಹುಣಸೆಹಣ್ಣು ಸಾಕು. ಅದನ್ನು ನಾನು ನಿಮಗೆ ಹೇಳಿಕೊಡಬೇಕೆ? ಕೊಂಬಿನ ಅಥವಾ ಕಟ್ಟಿಗೆಯ ಹಿಡಿಯಾಗಿದ್ದರೆ ಮಾತ್ರ ನೀರಿನಲ್ಲಿ ನೆನೆಹಾಕಬೇಡಿ, ಬಿಸಿನೀರಂತೂ ಬೇಡವೇ ಬೇಡ. ಉಬ್ಬಿ ಸೀಳುತ್ತದೆ.

ಕಪ್ಪಾದರೆ ಹೆದರಬೇಡಿ

ಹಳೆಯ ಚಾಕುಗಳು ಹೆಚ್ಚಾಗಿ ಬರೀ ಉಕ್ಕಿನವು, ಸ್ಟೇನ್‌ಲೆಸ್ ಅಲ್ಲ. ಸ್ಟೇನ್‌ಲೆಸ್ ಉಕ್ಕಿನಲ್ಲಿ ನೂರಕ್ಕೆ ಹತ್ತೂವರೆ ಭಾಗಕ್ಕಿಂತ ಕಡಿಮೆಯಿಲ್ಲದಂತೆ ಕ್ರೋಮಿಯಂ ಇರುತ್ತದೆ. ಅದೇ ತುಕ್ಕನ್ನು ತಡೆಯುವುದು. ಹಳೆಯ ಉಕ್ಕಿಗೆ ಆ ಕಾವಲಿಲ್ಲ. ಮಾವಿನಕಾಯಿ, ಲಿಂಬೆ, ಉಳ್ಳಾಗಡ್ಡಿ, ಬಾಳೆಕಾಯಿ ಹೆಚ್ಚಿದರೆ ಅಲಗು ಬೂದುಗಪ್ಪಾಗುತ್ತದೆ. ಇದನ್ನು ತುಕ್ಕೆಂದು ತಿಳಿದು ದಿನಾ ತಿಕ್ಕಿ ಅಲಗು ಸವೆಸುವವರಿದ್ದಾರೆ. ಹಾಗೆ ಮಾಡಬಾರದು. ಈ ಕಪ್ಪು ಪೊರೆ ಅಲಗನ್ನು ಕೆಂಪು ತುಕ್ಕಿನಿಂದ ಸ್ವಲ್ಪಮಟ್ಟಿಗೆ ಕಾಯುತ್ತದೆ. ಬಟ್ಟೆಗೆ ಕೆಂಪು ಹತ್ತಿದರೆ ಅದು ತುಕ್ಕು, ತೆಗೆಯಬೇಕು. ಬರೀ ಕಪ್ಪಾಗಿದ್ದರೆ ಇರಲಿ ಬಿಡಿ.

ಎಣ್ಣೆ ಯಾವುದು?

ನಮ್ಮ ಕಡೆ ಮನೆಯಲ್ಲಿ ಕುಸುಬೆ ಎಣ್ಣೆ ಇದ್ದೇ ಇರುತ್ತದೆ. ನಾನೂ ಮೊದಲು ಅದನ್ನೇ ಸವರಿದೆ. ತಿಂಗಳೊಳಗೆ ಕೀಲು ಅಂಟಂಟಾಗಿ ಮತ್ತೆ ಬಿಗಿಯಿತು! ಕುಸುಬೆ ಎಣ್ಣೆ ಗಾಳಿಗೆ ಒಣಗಿ ಗೋಂದಿನಂತಾಗುವ ಜಾತಿಯದು. ಚಿತ್ರಕಾರರು ಅದನ್ನು ಬಣ್ಣಕ್ಕೆ ಬೆರೆಸುವುದು ಇದೇ ಗುಣಕ್ಕಾಗಿ. ಚಾಕುವಿಗೆ ಅದು ಬೇಡ. ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ತಿನ್ನುವ ಪದಾರ್ಥಕ್ಕೆ ತಾಗುವ ಅಲಗಿಗೆ ಕೊಬ್ಬರಿ ಎಣ್ಣೆ ಬೆರಳಲ್ಲಿ ತೆಳ್ಳಗೆ ಸವರಿದರೆ ಸಾಕು.

ಮಸೆಯುವ ಬಗೆ

ಮೊಂಡು ಚಾಕುವೇ ಕೈ ಕೊಯ್ಯುವುದು, ಹರಿತವಾದದ್ದಲ್ಲ. ಮೊಂಡಾದರೆ ನಾವು ಬಲ ಹಾಕುತ್ತೇವೆ, ಬಲ ಹಾಕಿದಾಗ ಜಾರುತ್ತದೆ.

ಇಲ್ಲಿ ಎಲ್ಲರ ಮನೆಯ ಮೆಟ್ಟಿಲೂ ಶಹಾಬಾದಿ ಕಲ್ಲು. ಅದರ ಅಂಚಿಗೆ ಚಾಕು ತಿಕ್ಕುವುದು ನಮ್ಮೆಲ್ಲರ ರೂಢಿ. ಆದರೆ ಅದು ಸುಣ್ಣದ ಕಲ್ಲು. ಸೇಡಂ, ಮಳಖೇಡದ ಸಿಮೆಂಟು ಕಾರ್ಖಾನೆಗಳೆಲ್ಲ ಇಲ್ಲಿಗೆ ಬಂದದ್ದೇ ಸುಣ್ಣದ ಕಲ್ಲಿಗಾಗಿ ಅಲ್ಲವೆ? ಉಕ್ಕಿಗಿಂತ ಮೆತ್ತನೆಯ ಕಲ್ಲದು. ತಿಕ್ಕಿದರೆ ಮೆಟ್ಟಿಲು ಸವೆಯುತ್ತದೆಯೇ ಹೊರತು ಚಾಕು ಸರಿಯಾಗಿ ಹರಿತವಾಗುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಮಗ್ಗುಲು ಉರುಟು, ಇನ್ನೊಂದು ಮಗ್ಗುಲು ನುಣುಪು ಇರುವ ಸಾಣೆಕಲ್ಲು ಸಿಗುತ್ತದೆ. ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಅದೂ ಇಲ್ಲದಾಗ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ. ತಳದಲ್ಲಿ ಹೊಳಪಿಲ್ಲದ ಉರುಟು ಬಳೆಯಂಥ ಅಂಚು ಇರುತ್ತದೆ. ಅದರ ಮೇಲೆ ಮಸೆಯಬಹುದು.

ಕಲ್ಲನ್ನು ನೆನೆಸಿ, ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಜಾರುವುದಿಲ್ಲ. ಅಲಗನ್ನು ಅಡ್ಡ ಮಲಗಿಸಿ, ಬೆನ್ನನ್ನು ಮೂರು ರೂಪಾಯಿ ನಾಣ್ಯ ಒಂದರ ಮೇಲೊಂದಿಟ್ಟಷ್ಟು ಮೇಲೆತ್ತಿ. ಒಂದೂವರೆ ಸೆಂಟಿಮೀಟರ್ ಅಗಲದ ಅಲಗಿಗೆ ಇದು ಸರಿಯಾದ ಓರೆ. ಬುಡದಿಂದ ತುದಿಯವರೆಗೆ, ಕಲ್ಲಿನಿಂದ ತೆಳ್ಳನೆಯ ಪದರ ಹೆರೆದು ತೆಗೆಯುವಂತೆ ಒಯ್ಯಬೇಕು. ಈ ಕಡೆ ಹತ್ತು ಸಲ, ಆ ಕಡೆ ಹತ್ತು ಸಲ. ಮೊದಲು ಉರುಟು ಮಗ್ಗುಲು, ಆಮೇಲೆ ನುಣುಪು. ಹರಿತವಾಯಿತೇ ಎಂದು ಬೆರಳಿನಿಂದ ನೋಡಬೇಡಿ, ಟೊಮೆಟೊ ಸಿಪ್ಪೆಯ ಮೇಲೆ ನೋಡಿ.

ಬೀದಿಯಲ್ಲಿ ಸೈಕಲ್ ಚಕ್ರ ತಿರುಗಿಸಿ ಸಾಣೆ ಹಿಡಿಯುವವರು ಬಂದರೆ ಕೊಡಬಹುದು. ಆದರೆ ಪಕ್ಕದಲ್ಲಿ ನಿಂತು ನಡುನಡುವೆ ನೀರಿಗೆ ಅದ್ದಲು ಹೇಳಿ. ಕಿಡಿ ಹಾರುವಾಗ ಅಲಗಿನ ಅಂಚು ಕಾದು ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಗಡಸು ಹೋಯಿತೆಂದೇ ಅರ್ಥ. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.

ಕೆಲವು ಎಚ್ಚರಿಕೆಯ ಮಾತು

ಹಳೆಯ ಮಡಚುವ ಚಾಕುವಿಗೆ ಬೀಗವಿಲ್ಲ. ಹಿಡಿಯ ಬೆನ್ನಿನಲ್ಲಿರುವ ಉಕ್ಕಿನ ಪಟ್ಟಿ ಸ್ಪ್ರಿಂಗಿನಂತೆ ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತದೆ, ಅಷ್ಟೆ. ಆದ್ದರಿಂದ ತುದಿಯಿಂದ ಚುಚ್ಚುವುದು, ಡಬ್ಬಿಯ ಮುಚ್ಚಳ ಮೀಟುವುದು, ಸ್ಕ್ರೂ ತಿರುಗಿಸುವುದು ಬೇಡ; ಫಕ್ಕನೆ ಮಡಚಿ ಬೆರಳಿನ ಮೇಲೆ ಬೀಳುತ್ತದೆ. ಮುಚ್ಚುವಾಗ ಅಲಗಿನ ಬೆನ್ನನ್ನು ಅಂಗೈಯಿಂದ ಒತ್ತಿ, ಬೆರಳುಗಳು ಸಂದಿಯಿಂದ ದೂರ ಇರಲಿ. ಪಾರ್ಸೆಲ್ ಕೊಯ್ದ ಚಾಕುವನ್ನು ತೊಳೆಯದೆ ಹಣ್ಣಿಗೆ ಹಚ್ಚಬೇಡಿ.

ಕೈ ಕೊಯ್ದರೆ ಹರಿಯುವ ನೀರು, ಸೋಪಿನಿಂದ ತೊಳೆದು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕಾಫಿಪುಡಿ, ಅರಿಸಿನಪುಡಿ ತುಂಬಬೇಡಿ. ಗಾಯ ಆಳವಾಗಿದ್ದರೆ, ಚಾಕು ಕೊಳೆಯಾಗಿದ್ದರೆ ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಲೇಬೇಕು.

ವಿಮಾನದಲ್ಲಿ ಹೋಗುವುದಿದ್ದರೆ ಚಾಕು ಕೈಚೀಲದಲ್ಲಿ ಇರಕೂಡದು. ಸೇಡಂ ರಸ್ತೆಯಲ್ಲೇ 2019ರ ನವೆಂಬರ್ 22ರಂದು ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ನಮ್ಮಂಥವರೂ ವಿಮಾನ ಹತ್ತುವ ಯೋಚನೆ ಮಾಡುವಂತಾಯಿತಲ್ಲ! ಹಿರಿಯರ ಚಾಕುವನ್ನು ತಪಾಸಣೆಯಲ್ಲಿ ಬಿಟ್ಟು ಬರುವ ಸಂಕಟ ಯಾರಿಗೂ ಬೇಡ. ಇನ್ನು ಕಾನೂನಿನ ಮಾತು. ಆಯುಧಗಳ ನಿಯಮದಲ್ಲಿ 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗಿನ ಚಾಕುಗಳನ್ನು, ಮನೆ, ಹೊಲ, ಕಸುಬಿಗೆಂದು ಮಾಡಿದವನ್ನು ಬಿಟ್ಟು, ಆಯುಧವೆಂದು ಹೇಳಿದೆ. ನಮ್ಮ ಪುಟ್ಟ ಚಾಕು ಆ ಲೆಕ್ಕಕ್ಕೆ ಬಾರದು. ಆದರೂ ಜಾತ್ರೆ, ಸಭೆಗಳ ಗದ್ದಲಕ್ಕೆ ಒಯ್ಯದಿರುವುದೇ ಜಾಣತನ.

ಗಂಡಸರ ವಸ್ತುವೇ?

"ಕಿಸೆಯ ಚಾಕು ಗಂಡಸರದು" ಎನ್ನುವವರಿಗೆ ಒಂದು ಮಾತು. ಸ್ವಿಟ್ಜರ್ಲೆಂಡಿನಲ್ಲಿ ಕಾರ್ಲ್ ಎಲ್ಸೆನರ್ ಎಂಬಾತ 1884ರಲ್ಲಿ ಚಾಕು ಮಾಡುವ ಕೆಲಸ ಶುರುಮಾಡಿದ. ಮುಂದೆ ತನ್ನ ದೇಶದ ಸೈನಿಕರಿಗೆ ಮಡಚುವ ಚಾಕು ಮಾಡಿಕೊಟ್ಟ. 1909ರಲ್ಲಿ ತಾಯಿ ತೀರಿಕೊಂಡಾಗ ತನ್ನ ಚಾಕುಗಳಿಗೆ ಅವಳ ಹೆಸರನ್ನೇ ಇಟ್ಟ: ವಿಕ್ಟೋರಿಯಾ. ತುಕ್ಕು ಹಿಡಿಯದ ಉಕ್ಕು ಬಂದ ಮೇಲೆ, 1921ರಲ್ಲಿ, ಅದೇ 'ವಿಕ್ಟೋರಿನಾಕ್ಸ್' ಆಯಿತು. ಜಗತ್ತಿನಲ್ಲೆಲ್ಲ ಗಂಡಸರ ಕಿಸೆಯಲ್ಲಿರುವ ಆ ಚಾಕುವಿನ ಮೇಲೆ ಇರುವುದು ಒಬ್ಬ ತಾಯಿಯ ಹೆಸರು! ಹಾಗಿರುವಾಗ ನಮ್ಮ ಬ್ಯಾಗಿನಲ್ಲಿ ಒಂದಿದ್ದರೆ ತಪ್ಪೇನು? ಮಲ್ಲಿಗೆ ಹಾರದ ದಾರ, ಅಂಗಡಿಯ ಪೊಟ್ಟಣ, ರೈಲಿನಲ್ಲಿ ಮಕ್ಕಳಿಗೆ ಪೇರಲಹಣ್ಣು, ಯಾವುದಕ್ಕೂ ಇನ್ನೊಬ್ಬರ ಮುಖ ನೋಡಬೇಕಿಲ್ಲ.

ಚಾಕು ಸರಿಯಾದ ದಿನ ಅತ್ತೆಯವರ ಮುಂದೆ ಬಿಚ್ಚಿ ತೋರಿಸಿದೆ. "ಟಕ್" ಎಂಬ ಅದೇ ಸದ್ದು. ಅಲಗಿನ ಮೇಲೆ ತುಕ್ಕು ತಿಂದ ಸಣ್ಣ ಸಣ್ಣ ಕುಳಿಗಳು ಉಳಿದಿದ್ದವು, ಅವು ಹೋಗುವಂಥವಲ್ಲ. ಅವರು ಬಹಳ ಹೊತ್ತು ಹಿಡಿದುಕೊಂಡಿದ್ದರು. ಆಮೇಲೆ, ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂಬ ಹಿರಿಯರ ಮಾತಿನಂತೆ, ನೆಲದ ಮೇಲೆ ಇಟ್ಟು ನನ್ನ ಕಡೆ ಸರಿಸಿದರು. "ತಗೋ ಯವ್ವಾ. ದಿನಾ ಬಳಸು. ಟ್ರಂಕಿನ್ಯಾಗ ಮಾತ್ರ ಇಡಬ್ಯಾಡ" ಎಂದರು.

ಖಂಡೇಪೂಜೆಯ ದಿನ ಅರಿಸಿನ ಕುಂಕುಮ ಏರಿಸಿ, ಉಳಿದ ದಿನಗಳಲ್ಲಿ ಮರೆತರೆ ಯಾವ ಆಯುಧವೂ ಉಳಿಯುವುದಿಲ್ಲ. ಬಳಸುವುದೇ ಕಾಪಾಡುವುದು. ಮೊನ್ನೆ ಊರಿಂದ ಕೆಂಪು ಬಾಳೆಗೊನೆ ಬಂದಿತ್ತು. ಅದೇ ಚಾಕುವಿನಿಂದ ಚಿಪ್ಪು ಬಿಡಿಸಿ, ಹಣ್ಣು ಹೆಚ್ಚಿ, ಹಾಲು, ಸಕ್ಕರೆ, ಏಲಕ್ಕಿ ಹಾಕಿ ಶಿಕರಣಿ ಮಾಡಿದೆ. ಬಾಳೆಯ ಹಾಲು ತಾಗಿ ಅಲಗು ಇನ್ನಷ್ಟು ಕಪ್ಪಾಯಿತು. ಊಟ ಮುಗಿಸಿ ಕೂತಾಗ ಒಳಗಿನಿಂದ ಅತ್ತೆಯವರ ದನಿ, ದಿನಾ ಸಂಜೆ ಕೇಳುವಂತೆ:

"ಒರಸಿ ಇಟ್ಟೇನವ್ವಾ?"

ನಿಮ್ಮ ಟ್ರಂಕನ್ನೂ ಇವತ್ತೇ ಒಮ್ಮೆ ತೆಗೆದು ನೋಡುವಿರಲ್ಲವೆ?